ದೋಣಿಗೆ ಹೊಸ್ತಿಲು

ಆ ಭಾನುವಾರ ನನಗೆ ಎಚ್ಚರವಾದದ್ದು ಅವ್ವ ರೊಟ್ಟಿ ತಟ್ಟುವ ಸದ್ದಿಗೆ. ದಿನಾ ನನ್ನನ್ನು ಎಬ್ಬಿಸುತ್ತಿದ್ದದ್ದು ಅದೇ ಸದ್ದು. ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಕೇಳಿ, ಇವತ್ತು ಮನೆಯ ಹವೆ ಹೇಗಿದೆಯೆಂದು ತಿಳಿದುಕೊಳ್ಳುವುದು ಹನ್ನೊಂದನೆಯ ವಯಸ್ಸಿಗೇ ನನಗೆ ರೂಢಿಯಾಗಿತ್ತು. ಅವ್ವನ ಮನಸ್ಸು ಹಗುರವಾಗಿದ್ದರೆ ತಟ್ಟುವುದರ ನಡುವೆ ಬಿಡುವಿರುತ್ತಿತ್ತು, ರೊಟ್ಟಿ ದಪ್ಪಗೆ ಬರುತ್ತಿತ್ತು. ಒಳಗೇನಾದರೂ ಕುದಿಯುತ್ತಿದ್ದರೆ ಅಂಗೈ ಬೇಗಬೇಗ ಬೀಳುತ್ತಿತ್ತು, ರೊಟ್ಟಿ ಕಾಗದದಷ್ಟು ತೆಳ್ಳಗಾಗುತ್ತಿತ್ತು. ನಮ್ಮ ಮನೆಯಲ್ಲಿ ತೀರಾ ಒಳ್ಳೆಯ ರೊಟ್ಟಿ ತಿಂದ ದಿನಗಳೇ ತೀರಾ ಬಿಗುವಿನ ದಿನಗಳು. ಆವತ್ತು ಬುತ್ತಿಗೆಂದು ಬುಟ್ಟಿಯಲ್ಲಿ ಜೋಡಿಸಿದ್ದ ರೊಟ್ಟಿಯೊಂದನ್ನು ಎತ್ತಿ ನೋಡಿದೆ. ಅದರ ಆಚೆಗೆ ಒಲೆಯ ಬೆಂಕಿ ಮಸುಕುಮಸುಕಾಗಿ ಕಾಣುತ್ತಿತ್ತು. ಬಚ್ಚಲಲ್ಲಿ ಅಪ್ಪಾಜಿ ವಚನ ಗುನುಗುತ್ತಾ ಸ್ನಾನ ಮಾಡುತ್ತಿದ್ದರು. ಐದು ವರ್ಷದ ತಮ್ಮ ಮಲ್ಲು ಕೌದಿಯೊಳಗೆ ಮುದುಡಿ ಮಲಗಿದ್ದ. ಅಜ್ಜಿ ಪಡಸಾಲೆಯ ಮೂಲೆಯಲ್ಲಿ ಎಡ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಕೂತು ಪೂಜೆ ಮಾಡುತ್ತಿದ್ದಳು. ಆದರೆ ಅವಳ ಕಣ್ಣು ಮಾತ್ರ ಲಿಂಗದ ಮೇಲಿರಲಿಲ್ಲ, ಹಿತ್ತಿಲ ಬಾಗಿಲ ಕಡೆಗಿತ್ತು. ಹಿತ್ತಿಲಲ್ಲಿ, ಬೇವಿನ ಮರದ ಕೆಳಗೆ, ಎರಡು ದಿಮ್ಮಿಗಳ ಮೇಲೆ ಅಪ್ಪಾಜಿಯ ದೋಣಿ ಇತ್ತು. ಹತ್ತು ಗಂಟೆಗೆ ಅದನ್ನು ಹರಿಹರಕ್ಕೆ ಒಯ್ಯಲು ಟ್ರ್ಯಾಕ್ಟರ್ ಬರುವುದಿತ್ತು.

ನಮ್ಮದು ದಾವಣಗೆರೆಯ ಮಂಡಿಪೇಟೆಯಲ್ಲಿ ಹಗ್ಗ, ಟಾರ್ಪಾಲಿನ ಅಂಗಡಿ. ಅಜ್ಜನ ಕಾಲದಿಂದ ಬಂದದ್ದು. ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ ಇದ್ದುದರಿಂದ ನಮ್ಮ ಪಡಸಾಲೆಗೂ ಸೆಣಬಿನ ವಾಸನೆ ಇತ್ತು. ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನನ್ನ ಸ್ವೆಟರ್ ಮೂಸಿ, ನಿಮ್ಮನೇಲಿ ದನ ಕಟ್ಟಿದೀರಾ ಅಂತ ಕೇಳಿದ್ದಳು. ಹರಿಹರದ ಹೊಳೆಯಲ್ಲಿ ಮೀನು ಹಿಡಿಯುವವರು ತೆಪ್ಪಕ್ಕೆ ಬೇಕಾದ ಹಗ್ಗ, ಡಾಂಬರು ಕೊಳ್ಳಲು ನಮ್ಮಲ್ಲಿಗೇ ಬರುತ್ತಿದ್ದರು. ಅವರಲ್ಲಿ ಹನುಮಂತಣ್ಣ ಎಂಬ ಮುದುಕ ಅಂಬಿಗ ಒಮ್ಮೆ ಅಪ್ಪಾಜಿಯನ್ನು ತನ್ನ ತೆಪ್ಪದಲ್ಲಿ ಕೂರಿಸಿಕೊಂಡು ಹೊಳೆಯ ನಡುವಿನ ಮರಳುದಿಬ್ಬಕ್ಕೆ ಹೋಗಿ ಬಂದನಂತೆ. ಅಷ್ಟೇ ಆದದ್ದು. ಆಮೇಲೆ ಅಪ್ಪಾಜಿ ಪ್ರತಿ ಭಾನುವಾರ ದೇವರ ದರ್ಶನದ ನೆವದಲ್ಲಿ ಹರಿಹರಕ್ಕೆ ಹೋಗಿ ಸಂಜೆಯವರೆಗೂ ಹೊಳೆಯ ಮೇಲಿರತೊಡಗಿದರು. ಗಿರಾಕಿಯ ಮುಖ ನೋಡಿ ನಗುವುದು, ಹಮಾಲರ ಮುಖ ನೋಡಿ ಗದರುವುದು, ಮನೆಗೆ ಬಂದರೆ ಬೀಗರು, ಭಿಕ್ಷೆಯ ಸ್ವಾಮಿಗಳು, ಚಂದಾ ಕೇಳುವವರು. ಅಪ್ಪಾಜಿಗೆ ಇಡೀ ಮನೆಯಲ್ಲಿ ತಮ್ಮದೆನ್ನುವ ಒಂದು ಕೋಣೆ ಇರಲಿಲ್ಲ; ಪಡಸಾಲೆಯ ಕಂಬದ ಪಕ್ಕ ಹಾಸಿಕೊಂಡು ಮಲಗುತ್ತಿದ್ದರು. ಅದು ನನಗೆ ಅರ್ಥವಾಗಿದ್ದು ನಾನೂ ಒಂದು ಮನೆ ನಡೆಸಿದ ಮೇಲೆ.

ರದ್ದಿ ಅಂಗಡಿಯಿಂದ ಅವರು ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ತಂದರು. ದೋಣಿ ಕಟ್ಟುವ ಪುಸ್ತಕ. ಅವರಿಗೆ ಇಂಗ್ಲಿಷ್ ಬಾರದು, ನನಗೆ ದೋಣಿ ಗೊತ್ತಿಲ್ಲ. ಊಟವಾದ ಮೇಲೆ ನಾನು ಒಂದೊಂದೇ ಸಾಲು ಓದಿ ಹೇಳುತ್ತಿದ್ದೆ, ಅವರು ಅದನ್ನು ಬಡಿಗೇರ ರುದ್ರಣ್ಣನಿಗೆ ಮರುದಿನ ಹೇಳುತ್ತಿದ್ದರು. ಒಂದು ಸಾಲು ಇಂದಿಗೂ ಬಾಯಿಪಾಠವಾಗಿದೆ. ತಳದ ಹಲಗೆಗೆ ಡಾಂಬರು ಬಳಿದ ಮೇಲೆ ಯಾವ ಕಾರಣಕ್ಕೂ ಹೊಸ ಮೊಳೆ ಹೊಡೆಯಬಾರದು, ಒಣಗಿದ ಹಲಗೆ ಸೀಳುತ್ತದೆ. ಆ ಸಾಲನ್ನು ಅಪ್ಪಾಜಿ ನನ್ನಿಂದ ಎರಡು ಸಲ ಓದಿಸಿದ್ದರು.

ಬರೀ ಸವಾರಿಯ ದೋಣಿಯಾಗಿದ್ದರೆ ಅವ್ವ ಅಷ್ಟು ಹೆದರುತ್ತಿರಲಿಲ್ಲವೇನೋ. ಅಪ್ಪಾಜಿಗೆ ಬೇಕಿದ್ದದ್ದು ನೀರಿನ ಮೇಲಿನ ಮನೆ. ಹಿಂಭಾಗಕ್ಕೆ ಟಾರ್ಪಾಲಿನ ಗೂಡು, ಸೀಮೆಎಣ್ಣೆ ಸ್ಟೌವು, ಹಾಸಿಗೆ. ಬೇಸಿಗೆ ರಜೆ ಬಂದರೆ ಅಂಗಡಿ ಮುಚ್ಚಿ ನಾವು ನಾಲ್ಕೂ ಜನ ಹೊಳೆಯ ಮೇಲೇ ಇರುವುದು. ಅಂಗಡಿಯನ್ನು ಯಾರಿಗಾದರೂ ವಹಿಸಿಕೊಡುವುದಾದರೆ ವರ್ಷಪೂರ್ತಿ ಅಲ್ಲೇ. ಜಾಗ ಸಾಕಾಗುತ್ತದೆಯೋ ಇಲ್ಲವೋ ನೋಡಲು ಅವರು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೋಣಿಯನ್ನು ಅದರ ನಿಜವಾದ ಅಳತೆಯಲ್ಲೇ ಬರೆದರು. ಇಲ್ಲಿ ಒಲೆ, ಇಲ್ಲಿ ನೀರಿನ ಕೊಡ, ಇಲ್ಲಿ ಮಕ್ಕಳು. ಒಂದು ಸಂಜೆ ನಮ್ಮನ್ನೆಲ್ಲ ಆ ಗೆರೆಯೊಳಗೇ ಕೂರಿಸಿ ಊಟ ಮಾಡಿಸಿದರು. ಮಲ್ಲು ಗೆರೆ ದಾಟಿ ಹೋಗಿ ಉಪ್ಪಿನಕಾಯಿ ತಂದಾಗ, "ಮುಳುಗಿದೆ ನೋಡು ಮಗನೆ," ಅಂದರು. ನಾವು ನಕ್ಕೆವು. ಗೆರೆಯ ಹೊರಗೆ ತಟ್ಟೆ ಹಿಡಿದು ನಿಂತಿದ್ದ ಅಜ್ಜಿ ಕೇಳಿದಳು:

"ಮತ್ತೆ ನಂದೆಲ್ಲಿ ಇದರಾಗೆ?"

ಅಪ್ಪಾಜಿ ಸೀಮೆಸುಣ್ಣ ಹಿಡಿದು ಆಚೀಚೆ ನೋಡಿದರು. ಜಾಗವಿರಲಿಲ್ಲ.

"ನೀನು ಮನಿ ನೋಡ್ಕೊಂಡಿರು ಬೇ. ನಿನಗೆ ನೀರು ಆಗಿಬರಲ್ಲ," ಅಂದರು.

ಮರುದಿನ ಅವ್ವ ಒದ್ದೆ ಬಟ್ಟೆ ಹಿಡಿದು ಆ ದೋಣಿಯನ್ನು ಒರೆಸಿದಳು. ಅಪ್ಪಾಜಿ ಮತ್ತೆ ಬರೆದರು. ಹೀಗೆ ಎಷ್ಟೋ ತಿಂಗಳು. ಅಜ್ಜಿ ಮಾತ್ರ ಅದನ್ನು ಬಳಸಿಕೊಂಡು ಗೋಡೆಯ ಅಂಚಿಗೇ ನಡೆಯುತ್ತಿದ್ದಳು. ದೋಣಿ ಮುಗಿಯುತ್ತಾ ಬಂದಾಗ ಅವಳು ಇನ್ನೊಂದು ಮಾತು ತೆಗೆದಳು.

"ಮನಿ ಮನಿ ಅಂತೀಯಲ್ಲೋ ತಮ್ಮಾ, ಮನಿಗೆ ಹೊಸ್ತಿಲು ಬ್ಯಾಡೇನು? ಹೊಸ್ತಿಲಿಗೆ ಲಾಳ ಬ್ಯಾಡೇನು? ಈ ಮನಿಗೆ ನಿಮ್ಮಪ್ಪ ಬಡಿದಿದ್ದು ಇನ್ನೂ ಐತೆ ನೋಡು."

"ದೋಣಿಗೆ ಲಾಳ ಹೊಡೀತಾರಂತೆ. ಕುದುರೆ ಏನು ಅದು?" ಅಂದರು ಅಪ್ಪಾಜಿ. ಆಮೇಲೆ ನಗು ಬಿಟ್ಟು, "ಅದಕ್ಕೆ ಮೊಳೆ ಗಿಳೆ ಬಡಿದೆ ಅಂದ್ರೆ ನಾನು ನಿನ್ನ ಕೈ ಊಟ ಮಾಡಲ್ಲ ಮತ್ತೆ," ಅಂದರು.

ಅಜ್ಜಿ ಮೂರು ದಿನ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಉಂಡಳು.

ಅವ್ವನ ಹೆದರಿಕೆ ಬೇರೆ ತರಹದ್ದು. ಅವಳ ತವರು ಉಕ್ಕಡಗಾತ್ರಿಯ ಹತ್ತಿರ, ಹೊಳೆಯ ದಂಡೆಯ ಮೇಲೆ. ನೀರು ನೋಡಿ ಬೆಳೆದವಳು. ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ಹೊಳೆಯ ಹೆಸರೆತ್ತಿದವಳಲ್ಲ, ಹರಿಹರದ ಸೇತುವೆ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಮುಖ ತಿರುಗಿಸುತ್ತಿದ್ದಳು. ಅಪ್ಪಾಜಿಗೆ ಈಜು ಬರುತ್ತಿರಲಿಲ್ಲ. ಇದನ್ನು ಅವಳು ನೂರು ಸಲ ಹೇಳಿ ಸಾಕಾಗಿ, ಹಿಂದಿನ ವಾರ ಕಡೆಯ ಮಾತೆಂಬಂತೆ ಹೇಳಿದ್ದಳು.

"ಒಂದು ಸಲ ಮಕ್ಕಳನ್ನ ಕರ್ಕೊಂಡು ಕೂಡ್ತೀನಿ. ದಿಬ್ಬದ ತನಕ ಹೋಗಿ ವಾಪಸ್ ತಂದು ಇಳಿಸ್ರಿ. ಒಂದು ಹನಿ ಒಳಗೆ ಬರಲಿಲ್ಲ ಅಂದ್ರೆ ನೀವು ಎಲ್ಲಿರು ಅಂತೀರೋ ಅಲ್ಲಿರ್ತೀನಿ, ತುಟಿ ಪಿಟಕ್ ಅನ್ನಲ್ಲ. ಬಂತು ಅಂದ್ರೆ ಅದೇ ಸಂಜೆ ಬಡಿಗೇರನ್ನ ಕರೆಸಿ ಬಿಚ್ಚಿಸಬೇಕು. ಆಮ್ಯಾಲೆ ದೋಣಿ ಮಾತು ಈ ಮನಿಯಾಗೆ ಇಲ್ಲ."

ಅಪ್ಪಾಜಿ ಒಪ್ಪಿದರು. ಅವರಿಗೆ ಧೈರ್ಯವಿತ್ತು. ದೋಣಿಯೊಳಗೆ ಕೊಡಗಟ್ಟಲೆ ನೀರು ತುಂಬಿಸಿ ಎರಡು ದಿನ ಬಿಟ್ಟು, ಕೆಳಗಿನ ಮಣ್ಣು ಒಣಗಿಯೇ ಇದ್ದುದನ್ನು ಓಣಿಯವರಿಗೆಲ್ಲ ಕರೆದು ತೋರಿಸಿದ್ದರು. ಒಳಗಿನಿಂದ ಹೊರಗೆ ಹೋಗದ್ದು ಹೊರಗಿನಿಂದ ಒಳಗೆ ಬರುತ್ತದೆಯೇ ಅನ್ನುವುದು ಅವರ ವಾದ.

ಆ ಬೆಳಗು ಅಪ್ಪಾಜಿ ಟ್ರ್ಯಾಕ್ಟರಿನವನನ್ನು ಕರೆಯಲು ಹೊರಟ ಕೂಡಲೇ ಅಜ್ಜಿ ಲಿಂಗವನ್ನು ಕರಡಿಗೆಗೆ ಸೇರಿಸಿ ಎದ್ದಳು. ನನ್ನ ರಟ್ಟೆ ಹಿಡಿದು ಹಿತ್ತಿಲಿಗೆ ಕರೆದೊಯ್ದಳು. ಅವಳ ಮಡಿಲಲ್ಲಿ ಅಜ್ಜನ ಟ್ರಂಕಿನ ತಳದಲ್ಲಿರುತ್ತಿದ್ದ ಹಳೆಯ ಲಾಳವಿತ್ತು, ಅರಿಶಿನ ಹಚ್ಚಿದ ಮೂರು ಉದ್ದ ಮೊಳೆಗಳಿದ್ದವು, ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಗುಂಡು ಇತ್ತು. ದೋಣಿಯ ಗೂಡು ಶುರುವಾಗುವಲ್ಲಿ ತಳಕ್ಕೆ ಅಂಟಿಕೊಂಡಂತೆ ಒಂದು ಸಾಗುವಾನಿ ಅಡ್ಡಪಟ್ಟಿ ಇತ್ತು. ಅವಳು ಅದನ್ನೇ ಹೊಸ್ತಿಲೆಂದು ಆರಿಸಿಕೊಂಡಿದ್ದಳು. ವಿಭೂತಿ ಎಳೆದು, ಲಾಳವಿಟ್ಟು, "ಹಿಡ್ಕೋ ಗಟ್ಟಿಯಾಗಿ," ಅಂದಳು.

"ಅಜ್ಜಿ, ಮೊಳೆ ಹೊಡೀಬಾರದಂತೆ. ಬುಕ್ಕಿನಾಗೆ ಬರೆದೈತೆ."

"ಬುಕ್ಕು ಬರೆದೋನಿಗೆ ಮಕ್ಕಳು ಮರಿ ಅದಾವೇನು? ನನ್ನ ಮಗ, ಮೊಮ್ಮಕ್ಕಳು ನೀರಾಗೆ ಹೊಂಟಾರೆ. ನನಗಂತೂ ಜಾಗ ಇಲ್ಲ, ಇದಾದರೂ ಬರಲಿ ನಿಮ್ಮ ಜೊತೆ."

ನಾನು ಹಿಡಿದುಕೊಂಡೆ. ಮೂರನೆಯ ಮೊಳೆ ಇಳಿಯುವಾಗ ಕೆಳಗೆಲ್ಲೋ ಚಿಟ್ ಅಂದಿತು, ಕಬ್ಬಿನ ಸಿಪ್ಪೆ ಸುಲಿದ ಹಾಗೆ. ಅಜ್ಜಿಗೆ ಕಿವಿ ಮಂದ. ಅವಳು ನೆಲಹಾಸಿನ ಟಾರ್ಪಾಲನ್ನು ಅದರ ಮೇಲೆ ಎಳೆದು, ಬೆರಳಿಂದ ಮಡಿಕೆ ಸರಿಮಾಡಿ, "ನಿಮ್ಮಪ್ಪಗೆ ಹೇಳಿದ್ರೆ ನನ್ನಾಣೆ," ಅಂದಳು.

ಆ ಅಡ್ಡಪಟ್ಟಿ ಇವತ್ತು ನನ್ನ ಅಡಿಗೆಮನೆಯ ಗೋಡೆಯಲ್ಲಿದೆ. ಅದರ ಮೇಲೆ ಸಾಸಿವೆ ಜೀರಿಗೆಯ ಡಬ್ಬಿಗಳಿವೆ. ಮೂರು ತೂತುಗಳಲ್ಲಿ ಎರಡನ್ನು ಬಣ್ಣ ಮುಚ್ಚಿದೆ, ಒಂದು ಹಾಗೇ ಇದೆ. ಸೌಟು ತೊಳೆದು ಅಲ್ಲೊಂದು ಕೊಕ್ಕೆಗೆ ತೂಗುಹಾಕುತ್ತೇನೆ. ದೋಣಿ ಬಿಚ್ಚಿ ಹಲಗೆಗಳಾಗಲು ಒಂದು ವಾರವೂ ಹಿಡಿಯಲಿಲ್ಲ. ಅಪ್ಪಾಜಿ ಅಜ್ಜಿಯ ಕೈಯೂಟ ಮತ್ತೆ ಮಾಡಿದ್ದು ಎಷ್ಟೋ ಕಾಲದ ಮೇಲೆ. ಆವತ್ತು ಅಪ್ಪಾಜಿ ಬರುವ ಮೊದಲು ಆ ಹಿತ್ತಿಲಲ್ಲಿ ನನಗೆ ಸುಮಾರು ಅರ್ಧ ಗಂಟೆ ಇತ್ತು. ಪುಸ್ತಕ ಓದಿದವಳು ಆ ಮನೆಯಲ್ಲಿ ನಾನೊಬ್ಬಳೇ. ಹೇಳಿದರೆ ಅಜ್ಜಿಯ ಆಣೆ, ಅಪ್ಪಾಜಿಯ ಕೂಗಾಟ, ಮತ್ತೆ ಮೂರು ದಿನದ ಮೌನ. ಮನೆಯಲ್ಲಿ ಜಗಳವಾಗದಿದ್ದರೆ ಸಾಕು ಎಂಬ ಒಂದೇ ಆಸೆಯಿಂದ ಬೆಳೆದ ಮಗು ನಾನು. ಒಳಗೆ ಹೋಗಿ ಮಲ್ಲುವಿನ ತಲೆ ಬಾಚಿದೆ.

ಹರಿಹರದಲ್ಲಿ ಹೊಳೆ ಶಾಂತವಾಗಿತ್ತು. ಮಳೆಗಾಲ ಕಳೆದು, ನೀರು ತಿಳಿಯಾಗಿ, ದಂಡೆಯ ಬಂಡೆಗಳ ಮೇಲೆ ಬಟ್ಟೆ ಒಗೆಯುವವರ ಸದ್ದು ಆಚೆ ದಡಕ್ಕೆ ಬಡಿದು ವಾಪಸು ಬರುತ್ತಿತ್ತು. ಹನುಮಂತಣ್ಣ ನಾಲ್ಕು ಜನರನ್ನು ಸೇರಿಸಿ ದೋಣಿ ಇಳಿಸಿದ. ಅಜ್ಜಿ ಕಾಯಿ ಒಡೆದು, ಮೆಟ್ಟಿಲ ಮೇಲೆ ಕೂತು, ಸೆರಗಿನೊಳಗೆ ಕೈ ಮುಗಿದುಕೊಂಡಳು. ಅವ್ವ ತವರಿನವರು ಕೊಟ್ಟಿದ್ದ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಕೆಂಪು ಸೆರಗು, ಅದರಲ್ಲಿ ಬಿಳಿ ಹಲ್ಲುಹಲ್ಲಿನ ಪಟ್ಟೆ. ಹತ್ತುವ ಮೊದಲು ಬಗ್ಗಿ ನೀರು ಮುಟ್ಟಿ ಹಣೆಗೆ ಒತ್ತಿಕೊಂಡಳು.

ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕೆಂದು ಪುಸ್ತಕದಲ್ಲಿತ್ತು. ಅಪ್ಪಾಜಿ ಅದೊಂದನ್ನು ಒಪ್ಪಿರಲಿಲ್ಲ. "ಹೋಗೋ ಕಡೆಗೆ ಬೆನ್ನು ಕೊಟ್ಟು ಕುಂದ್ರೋದು ನಮ್ಮ ಪೈಕಿ ಇಲ್ಲ," ಅಂತ ಹನುಮಂತಣ್ಣನ ಹಾಗೆ ಮುಂದೆ ನೋಡಿಕೊಂಡೇ ಕೂತರು. ಹಾಗಾಗಿ ನಮಗೆ ಕಾಣುತ್ತಿದ್ದದ್ದು ಅವರ ಬೆನ್ನು, ಬೆವರಿಗೆ ಅಂಟಿಕೊಂಡ ಬಿಳಿ ಅಂಗಿ. ಗೂಡಿನಲ್ಲಿ ಅವ್ವ, ಅವಳ ತೊಡೆಯ ಮೇಲೆ ಮಲ್ಲು. ನಾನು ಅಡ್ಡಪಟ್ಟಿಯ ಪಕ್ಕ, ಬೇಕೆಂದೇ.

ದಡ ದೂರವಾಗುತ್ತಾ ಅಜ್ಜಿ ಒಂದು ಬಿಳಿ ಚುಕ್ಕೆಯಾದಳು. ಅಪ್ಪಾಜಿ ಮಾತಾಡುತ್ತಿದ್ದರು. ಇಲ್ಲಿ ಫೋನಿಲ್ಲ, ಬಾಗಿಲು ತಟ್ಟೋರಿಲ್ಲ, ನೋಡು, ಗಾಳಿ ಹೆಂಗೈತೆ. ಅವರ ಧ್ವನಿ ಅಂಗಡಿಯಲ್ಲಿ ಕೇಳುವ ಧ್ವನಿಯಾಗಿರಲಿಲ್ಲ, ಎಳೆಯದಾಗಿತ್ತು. ಆಗ ನನ್ನ ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು. ಟಾರ್ಪಾಲಿನ ಅಂಚನ್ನು ಒಂದು ಬೆರಳಷ್ಟು ಎತ್ತಿದೆ. ಪಟ್ಟಿಯ ಬುಡದಿಂದ ಗೇಣುದ್ದದ ಸೀಳು ಹೊರಟಿತ್ತು. ಅದರುದ್ದಕ್ಕೂ ನೀರು ಸಾಲುಗಟ್ಟಿ ಒಸರುತ್ತಿತ್ತು, ಯಾವ ಅವಸರವೂ ಇಲ್ಲದೆ. ಕೆಳಗಿನ ಡಾಂಬರು ದಾರಿಯ ಬಿಸಿಲಿಗೆ ಮೆತ್ತಗಾಗಿ ಸೀಳಿನ ತುಟಿಗೆ ಬಂದಿತ್ತು. ನಾನು ಟಾರ್ಪಾಲನ್ನು ಮುಚ್ಚಿ ಅದರ ಮೇಲೆ ಕೂತುಬಿಟ್ಟೆ. ಲಂಗ ಒದ್ದೆಯಾಗತೊಡಗಿತು. ಇನ್ನೊಂದು ಸ್ವಲ್ಪ ಹೊತ್ತು, ದಿಬ್ಬ ಬರಲಿ, ವಾಪಸು ಹೋಗಲಿ, ನೀರು ನನ್ನ ಕೆಳಗೇ ಇರಲಿ ಎಂದು ಶಾಲೆಯಲ್ಲಿ ಕಲಿಸಿದ ಪ್ರಾರ್ಥನೆಯನ್ನೂ ಮನೆಯಲ್ಲಿ ಕಲಿತ ಮಂತ್ರವನ್ನೂ ಬೆರೆಸಿ ಹೇಳಿಕೊಂಡೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಲಂಗ ನೋಡಿದಳು. ಬಗ್ಗಿ, ನನ್ನನ್ನು ಸರಿಸಿ ಟಾರ್ಪಾಲು ಎತ್ತಿದಳು. ಮೊದಲು ಲಾಳ ಕಂಡಿತು. ಮೊಳೆಗಳ ಅರಿಶಿನ ಬಿಟ್ಟುಕೊಂಡು ಸುತ್ತಲಿನ ನೀರು ಹಳದಿಯಾಗಿತ್ತು. ಅವಳು ಅದನ್ನು ಗುರುತಿಸಿದ್ದು ನನಗೆ ಗೊತ್ತಾಯಿತು, ಯಾಕೆಂದರೆ ಅವಳ ಕಣ್ಣು ಒಮ್ಮೆ ದಡದ ಬಿಳಿ ಚುಕ್ಕೆಯ ಕಡೆಗೆ ಹೋಗಿ ಬಂತು. ನಾನು ಅವಳು ಕೂಗುತ್ತಾಳೆಂದು ಕಾದೆ. ಕೂಗಿದರೆ ಅವಳು ಗೆದ್ದಳು. ಒಂದು ಹನಿ ಅಂದಿದ್ದಳು, ಇಲ್ಲಿ ಬೊಗಸೆಗಟ್ಟಲೆ ಇತ್ತು. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ನೋಡು. ನನಗೆ ಈಜು ಬರ್ತೈತೆ. ಒಬ್ಬರನ್ನ ಹಿಡ್ಕೊಂಡು ದಡ ಸೇರ್ತೀನಿ, ಇಬ್ಬರನ್ನ ಆಗಲ್ಲ. ಅದಕ್ಕೆ ನೀನು ಅಲ್ಲಾಡಬ್ಯಾಡ, ಅಳಬ್ಯಾಡ. ನಿಮ್ಮಪ್ಪ ಗಾಬರಿ ಬಿದ್ದು ಎದ್ದು ನಿಂತ್ರೆ ಎಲ್ಲಾ ಮಗುಚ್ತೈತೆ."

ಮಲ್ಲು ಅವಳ ತೊಡೆಯ ಮೇಲೆ ಮಂಡಕ್ಕಿ ತಿನ್ನುತ್ತಿದ್ದ. ಒಬ್ಬರು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ತಲೆಯಾಡಿಸಿದೆ. ಆ ತಲೆಯಾಡಿಸುವಿಕೆ ನನ್ನಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ, ಮುಂದೆ ಮದುವೆ, ಬಾಣಂತನ, ಆಸ್ಪತ್ರೆ, ಎಲ್ಲ ಕಡೆಯೂ ನಾನು ಹಾಗೇ ತಲೆಯಾಡಿಸಿ ಕೂತವಳು. ಈಗಲೂ ಕೆರೆಯಲ್ಲಿ ಮೊಮ್ಮಕ್ಕಳ ಜೊತೆ ಪೆಡಲ್ ದೋಣಿ ಹತ್ತುವಾಗ ಮೊದಲು ಬಗ್ಗಿ ಅದರ ತಳ ಮುಟ್ಟಿ ನೋಡುತ್ತೇನೆ. ಅಜ್ಜಿ ನಮಸ್ಕಾರ ಮಾಡ್ತಾಳೆ ಅಂತ ಮಕ್ಕಳು ತಾವೂ ಮುಟ್ಟುತ್ತವೆ.

ಅವ್ವ ಸೆರಗನ್ನು ಹೆಗಲಿಂದ ಇಳಿಸಿ, ತುದಿಯನ್ನು ಹಗ್ಗದ ಹಾಗೆ ಹೊಸೆದು, ಸೀಳಿನ ಉದ್ದಕ್ಕೂ ಬೆರಳಿಂದ ಒತ್ತಿ ತುರುಕಿದಳು. ಮೇಲೆ ಟಾರ್ಪಾಲು ಎಳೆದು ತಾನೇ ಅದರ ಮೇಲೆ ಕೂತಳು. ನಾನು ಬುತ್ತಿಯ ಬಟ್ಟೆಯಿಂದ ನಿಂತ ನೀರನ್ನು ಅದ್ದಿ ಅದ್ದಿ ದೋಣಿಯಾಚೆ ಹಿಂಡಿದೆ, ಸದ್ದಾಗದಂತೆ, ಹುಟ್ಟು ನೀರಿಗೆ ಬೀಳುವ ಹೊತ್ತಿಗೆ ಸರಿಯಾಗಿ.

"ಯಾಕ ಎಲ್ಲರೂ ಸುಮ್ನಾದ್ರಿ?" ಅಪ್ಪಾಜಿ ಮುಂದೆ ನೋಡುತ್ತಲೇ ಕೇಳಿದರು.

"ನೀರು ನೋಡ್ತಿದೀವ್ರಿ," ಅಂದಳು ಅವ್ವ. "ದಿಬ್ಬದ ಮ್ಯಾಲೆ ಇಳಿಯೋದು ಬ್ಯಾಡ. ಹಂಗೇ ತಿರುಗಿಸ್ರಿ, ಮಲ್ಲುಗೆ ಹಸಿವಾಗೈತೆ."

ಅವರು ತಿರುಗಿಸಿದರು. ತಿರುಗುವಾಗ ದೋಣಿ ಒಂದು ಕಡೆಗೆ ವಾಲಿ, ಬಟ್ಟೆಯ ಅಡಿಯಿಂದ ನೀರು ಬುಳಕ್ಕೆಂದಿತು. ಅವ್ವನ ಕೈ ಮಲ್ಲುವಿನ ತೋಳನ್ನು ಹಿಡಿದದ್ದು ನೋಡಿದೆ. ಇನ್ನೊಂದು ಕೈ ನನ್ನ ಜಡೆಯನ್ನು ಬುಡದಲ್ಲಿ ಸುತ್ತಿಕೊಂಡಿತು. ದಡ ಬರುವವರೆಗೂ ಅದು ಬಿಡಲಿಲ್ಲ.

ಇಳಿದ ಮೇಲೆ ಅಪ್ಪಾಜಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಎಲ್ಲರಿಗೂ ಕೇಳುವಂತೆ, "ಹೇಳೀಗ. ಬಂತೇನು ನೀರು?" ಅಂದರು. ಅಜ್ಜಿ ಮೆಟ್ಟಿಲ ಮೇಲೆ ಎದ್ದು ನಿಂತಿದ್ದಳು. ಅವ್ವ ಒದ್ದೆ ಸೆರಗನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡು ಮಲ್ಲುವನ್ನು ಎತ್ತಿಕೊಂಡಿದ್ದಳು.

"ಒಂದು ಹನಿ ಬರಲಿಲ್ಲ," ಅಂದಳು.

ಹನುಮಂತಣ್ಣ ನನ್ನ ಲಂಗ ನೋಡಿದ, ಅವ್ವನ ಬಗಲು ನೋಡಿದ. "ಅಕ್ಕಾರು ನೀರು ಕಂಡೋರು ಬಿಡ್ರಿ," ಅಂದು ದೋಣಿಯನ್ನು ಮರಳಿಗೆ ಎಳೆಸಿ ಟಾರ್ಪಾಲು ಹೊದಿಸಿದ. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ನಾಳೆ ನಿಮ್ಮಪ್ಪ ಅಂಗಡಿಗೆ ಹೋದ ಮ್ಯಾಲೆ ರುದ್ರಣ್ಣನ್ನ ಹರಿಹರಕ್ಕೆ ಕಳಿಸಿ ಹಲಗೆ ಬದಲಾಯಿಸ್ತೀನಿ. ನಿಮ್ಮಜ್ಜಿ ಹೆಸರು ಬಂದ್ರೆ ತಾಯಿ ಮಗ ಇಬ್ಬರೂ ಮುಖ ನೋಡಲ್ಲ. ನೀನು ಬಾಯಿ ಮುಚ್ಕೊಂಡಿರು." ಮತ್ತೆ ಕಿಟಕಿಯ ಕಡೆಗೆ ನೋಡುತ್ತಾ, "ದಿಬ್ಬ ಚೆಂದ ಐತೆ," ಅಂದಳು. ಮುಖ ತಿರುಗಿಸಿರಲಿಲ್ಲ. ಬಸ್ಸು ಊರು ದಾಟುವವರೆಗೂ ಹೊಳೆಯ ದಿಕ್ಕನ್ನೇ ನೋಡುತ್ತಿದ್ದಳು.

ಮನೆಗೆ ಬಂದವಳೇ ಸೀರೆಯನ್ನು ಸೋಪು ಹಾಕಿ, ಸೀಮೆಎಣ್ಣೆ ಹಾಕಿ ಉಜ್ಜಿದಳು. ಸೆರಗಿನ ಬಿಳಿ ಹಲ್ಲುಗಳ ಮೇಲೆ ಗೇಣುದ್ದದ ಕಪ್ಪು ಗೆರೆ ಹೋಗಲಿಲ್ಲ. ಹಿತ್ತಿಲಲ್ಲಿ ಹಾಕಿದರೆ ಎಲ್ಲರಿಗೂ ಕಾಣುತ್ತದೆಂದು ಅಡಿಗೆಮನೆಯ ಗಳುವಿನ ಮೇಲೆ ಒಳಮಗ್ಗುಲಾಗಿ ಹರವಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಹಗುರವಾಗಿತ್ತು. ಅವ್ವ ರಾತ್ರಿಗೆಂದು ತಟ್ಟುತ್ತಿದ್ದ ರೊಟ್ಟಿಯ ಸದ್ದಿನಲ್ಲಿ ಬಿಡುವಿತ್ತು. ಅಪ್ಪಾಜಿ ಪಡಸಾಲೆಯಲ್ಲಿ ಮೊಣಕಾಲೂರಿ ಮತ್ತೆ ಸೀಮೆಸುಣ್ಣದ ದೋಣಿ ಬರೆಯುತ್ತಿದ್ದರು. ಈ ಸಲ ಒಲೆಯನ್ನು ಮುಂದಕ್ಕೆ ಸರಿಸಿ, ಗೂಡಿನ ಪಕ್ಕ ಒಂದು ಹೊಸ ಚೌಕ ಎಳೆದರು.

"ಇಲ್ಲಿ ನೀನು ಬೇ. ಕುಂತು ನೋಡು, ಕಾಲು ಚಾಚೋಕಾಗ್ತೈತೋ ಇಲ್ಲೋ."

ಅಜ್ಜಿ ಗೋಡೆಯ ಅಂಚು ಬಿಟ್ಟು, ಸೀರೆ ಎತ್ತಿ ಹಿಡಿದು, ಗೆರೆ ತುಳಿಯದ ಹಾಗೆ ಒಳಗೆ ಕಾಲಿಟ್ಟು ಕೂತಳು. ಆಗಲೇ ಪಕ್ಕದ ಮನೆಯ ಗಿರಿಜಕ್ಕ ಮೊಸರಿಗೆ ಹೆಪ್ಪು ಬೇಕೆಂದು ಬಟ್ಟಲು ಹಿಡಿದು ನೆಟ್ಟಗೆ ಅಡಿಗೆಮನೆಗೆ ನಡೆದಳು. ಹೆಪ್ಪು ಹಾಕಿಸಿಕೊಂಡು ಹೊರಡುವಾಗ ತಲೆಗೆ ತಾಗಿದ ಒದ್ದೆ ಸೀರೆಯನ್ನು ಕೈಯಿಂದ ಸರಿಸಿ, ಸೆರಗು ತಿರುಗಿಸಿ ನೋಡಿ, ಪಡಸಾಲೆಗೆ ಕೇಳುವಂತೆ ನಕ್ಕಳು.

"ಅಯ್ಯ, ಇಂಥ ಸೆರಗಿಗೆ ಡಾಂಬರು ಹೆಂಗೆ ಹತ್ತಿಸ್ಕೊಂಡ್ರಿ ಅಕ್ಕಾ? ದೋಣಿ ತೂತಿಗೆ ತುರುಕಿ ಕುಂತಿದ್ರೇನು?"